ನಿಮ್ಮ ಹಣ ಯಾರ ಬಳಿ ಸಾಲವಾಗಿದೆ?

ಈ ಸಂಚಿಕೆಗೆ ಆಯ್ದುಕೊಂಡ ಐದೂ ಪತ್ರಗಳು ಒಂದೇ ವಿಷಯವನ್ನು ಕುರಿತವು. ಬ್ಯಾಂಕಿನ ಠೇವಣಿಯನ್ನು ದಾಟಿ ಸಾಲಪತ್ರಗಳಲ್ಲಿ, ಅಂದರೆ ಬಾಂಡುಗಳಲ್ಲಿ, ಮತ್ತು ಈಚೆಗೆ ಎಲ್ಲೆಡೆ ಕೇಳಿಬರುತ್ತಿರುವ, ಕಂಪನಿಗಳಿಗೆ ಖಾಸಗಿಯಾಗಿ ಸಾಲ ಕೊಡುವ ಪ್ರೈವೇಟ್ ಕ್ರೆಡಿಟ್ ನಿಧಿಗಳಲ್ಲಿ ಹಣ ತೊಡಗಿಸಬಹುದೇ, ತೊಡಗಿಸುವುದಾದರೆ ಎಷ್ಟು ಎಂದು ಎಲ್ಲರೂ ಕೇಳಿದ್ದಾರೆ. ಬರೆದವರ ಹೆಸರುಗಳನ್ನು ಕೈಬಿಟ್ಟು, ಉತ್ತರಕ್ಕೆ ಬೇಕಾದಷ್ಟು ವಿವರವನ್ನು ಮಾತ್ರ ಉಳಿಸಿಕೊಂಡಿದ್ದೇನೆ. ಸಣ್ಣ ಉಳಿತಾಯ ಯೋಜನೆಗಳ ಬಡ್ಡಿಯನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುವುದರಿಂದ, ಹಣ ಕಟ್ಟುವ ದಿನ ಅಂದಿನ ದರವನ್ನು ಮತ್ತೊಮ್ಮೆ ವಿಚಾರಿಸಿಕೊಳ್ಳಿ.

ಪ್ರಶ್ನೆ: ನಾನು ನಿವೃತ್ತ ಉಪನ್ಯಾಸಕ, ವಯಸ್ಸು 61. ಶಿವಮೊಗ್ಗ ಜಿಲ್ಲೆಯವನು. ಪತ್ನಿಗೆ 57. ಪಿಂಚಣಿ ಇಲ್ಲ. ಅಡಿಕೆ ತೋಟದ ಆದಾಯ ವರ್ಷಕ್ಕೊಮ್ಮೆ ಬರುತ್ತದೆ, ಅದೂ ಮಳೆ ಮತ್ತು ಕೊಳೆರೋಗವನ್ನು ಅವಲಂಬಿಸಿದ್ದು. ಒಂದೇ ಸರ್ಕಾರಿ ಬ್ಯಾಂಕಿನ ಠೇವಣಿಗಳಲ್ಲಿ 58 ಲಕ್ಷ, ಊರಿನ ಸೌಹಾರ್ದ ಸಹಕಾರಿಯಲ್ಲಿ 14 ಲಕ್ಷ, ಪರಿಚಯದ ಅಡಿಕೆ ವರ್ತಕರೊಬ್ಬರಿಗೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿಯಂತೆ ಕೊಟ್ಟ ಕೈಸಾಲ 8 ಲಕ್ಷ, ಚೀಟಿಗೆ ಕಟ್ಟಿದ್ದು 6 ಲಕ್ಷ, ಷೇರು ಆಧಾರಿತ ಮ್ಯೂಚುವಲ್ ಫಂಡಿನಲ್ಲಿ 10 ಲಕ್ಷ ರೂಪಾಯಿ ಇವೆ. ಮನೆಯ ಖರ್ಚಿಗೆ ತಿಂಗಳಿಗೆ 45,000 ಬೇಕು. ಸಲಹೆಗಾರರೊಬ್ಬರು, ‘ನಿಮ್ಮಲ್ಲಿ ಪ್ರೈವೇಟ್ ಕ್ರೆಡಿಟ್ ಏನೂ ಇಲ್ಲ. ನೀವು 60 ಲಕ್ಷ ಹಾಕಿ, ಬೆಂಗಳೂರಿನಲ್ಲಿರುವ ಮಗ 40 ಲಕ್ಷ ಹಾಕಲಿ, ಜಂಟಿಯಾಗಿ ಒಂದು ಕೋಟಿಯ ನಿಧಿಗೆ ಸೇರಿಕೊಳ್ಳಿ’ ಎನ್ನುತ್ತಿದ್ದಾರೆ. ಸೇರಬಹುದೇ?

ಉತ್ತರ: ಸೇರಬೇಡಿ. ಇಷ್ಟು ನೇರವಾಗಿ ಹೇಳುವುದಕ್ಕೆ ಕಾರಣವಿದೆ, ಮತ್ತು ಆ ಕಾರಣ ನಿಮ್ಮ ಪತ್ರದೊಳಗೇ ಇದೆ.

ನಿಮ್ಮಲ್ಲಿ ಪ್ರೈವೇಟ್ ಕ್ರೆಡಿಟ್ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆ ಹೆಸರಿನ ತಿರುಳು ಇಷ್ಟೇ: ಬ್ಯಾಂಕಿನ ಮೂಲಕವಲ್ಲದೆ, ಪೇಟೆಯಲ್ಲಿ ಮಾರಲು ಬರುವ ಸಾಲಪತ್ರದ ರೂಪದಲ್ಲೂ ಅಲ್ಲದೆ, ಸಾಲ ಕೊಡುವವನೂ ಪಡೆಯುವವನೂ ತಮ್ಮೊಳಗೆ ಮಾಡಿಕೊಂಡ ಒಪ್ಪಂದದ ಮೇಲೆ ನಿಂತ ಸಾಲ. ವರ್ತಕರಿಗೆ ಕೊಟ್ಟ 8 ಲಕ್ಷ ಅದೇ. ಚೀಟಿಯ 6 ಲಕ್ಷ ಅದರ ಹತ್ತಿರದ ನೆಂಟ. ಸೌಹಾರ್ದದ 14 ಲಕ್ಷಕ್ಕೆ ಠೇವಣಿ ಎಂಬ ಹೆಸರಿದ್ದರೂ, ಆ ಹಣ ನಿಮ್ಮ ತಾಲ್ಲೂಕಿನ ವರ್ತಕರಿಗೆ, ತೋಟದವರಿಗೆ, ಮನೆ ಕಟ್ಟುವವರಿಗೆ ಸಾಲವಾಗಿ ಹೋಗಿದೆ. ಮೂರನ್ನೂ ಕೂಡಿದರೆ 28 ಲಕ್ಷ, ಅಂದರೆ ನಿಮ್ಮ 96 ಲಕ್ಷದಲ್ಲಿ ಶೇ 29. ನಿವೃತ್ತರಿಗೆ ಇಷ್ಟು ಖಾಸಗಿ ಸಾಲವನ್ನು ಯಾವ ಎಚ್ಚರದ ಸಲಹೆಗಾರರೂ ಸೂಚಿಸಲಾರರು. ಇದಕ್ಕಿಂತ ನನ್ನನ್ನು ಚಿಂತೆಗೀಡುಮಾಡಿದ್ದು ಇನ್ನೊಂದು ಸಂಗತಿ. ತೋಟ, ವರ್ತಕರ ಕೈಸಾಲ, ಸೌಹಾರ್ದದ ಠೇವಣಿ ಮೂರೂ ಅಡಿಕೆಯ ಧಾರಣೆಯನ್ನೇ ನೆಚ್ಚಿಕೊಂಡಿವೆ. ಧಾರಣೆ ಕುಸಿದ ವರ್ಷ ನಿಮ್ಮ ಫಸಲಿನ ಹಣ ಕಡಿಮೆಯಾಗುತ್ತದೆ, ಅದೇ ವರ್ಷ ವರ್ತಕರು ಬಡ್ಡಿಗೆ ಕಾಲಾವಕಾಶ ಕೇಳುತ್ತಾರೆ, ಅದೇ ವರ್ಷ ಸಹಕಾರಿಯ ಸಾಲಗಾರರೂ ಕಂತು ತಪ್ಪಿಸುತ್ತಾರೆ. ಹಣವನ್ನು ಐದು ಕಡೆ ಇಟ್ಟಿದ್ದೀರಿ ನಿಜ, ಆದರೆ ಅದರಲ್ಲಿ ಗಣನೀಯ ಪಾಲು ಒಂದೇ ಬೆಳೆಗೆ ಸಾಲವಾಗಿದೆ.

ಸೌಹಾರ್ದದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1997ರ ಕರ್ನಾಟಕ ಸೌಹಾರ್ದ ಸಹಕಾರಿ ಕಾಯ್ದೆಯಡಿ ನಡೆಯುವ ಪತ್ತಿನ ಸಹಕಾರಿಗಳು ಬ್ಯಾಂಕುಗಳಲ್ಲ. ಬ್ಯಾಂಕುಗಳ ಠೇವಣಿಗೆ, ಸಹಕಾರ ಬ್ಯಾಂಕುಗಳೂ ಸೇರಿದಂತೆ, ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ವಿಮೆಯ ರಕ್ಷಣೆ ಇದೆ. 2020ರ ಫೆಬ್ರುವರಿ 4ಕ್ಕೆ ಮೊದಲು ಈ ಮಿತಿ ಒಂದೇ ಲಕ್ಷವಿತ್ತು. ಅದೇ ವರ್ಷದ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಖಾತೆಯಿಂದ 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಾಗ, ಜೀವಮಾನದ ಉಳಿತಾಯವನ್ನು ಅಲ್ಲೇ ಇಟ್ಟಿದ್ದ ಹಿರಿಯರು ಪಟ್ಟ ಪಾಡನ್ನು ನಾಡೆಲ್ಲ ನೋಡಿತು. ಅದು ಬ್ಯಾಂಕ್ ಆಗಿದ್ದುದರಿಂದ ವಿಮೆಯಾದರೂ ಅನ್ವಯಿಸಿತು. ಪತ್ತಿನ ಸಹಕಾರಿಯ ಠೇವಣಿಗೆ ಆ ವಿಮೆಯೂ ಇಲ್ಲ. ನಿಮ್ಮ ಊರಿನ ಸಂಸ್ಥೆ ಚೆನ್ನಾಗಿಯೇ ನಡೆಯುತ್ತಿರಬಹುದು, ಅದನ್ನು ನಡೆಸುವವರು ನಿಮಗೆ ಪರಿಚಿತರೂ ಇರಬಹುದು. ಆದರೂ ಅವಧಿ ಮುಗಿದ ಠೇವಣಿಗಳನ್ನು ನವೀಕರಿಸದೆ ಹಿಂದಕ್ಕೆ ಪಡೆಯುತ್ತಾ ಬನ್ನಿ.

ಕೈಸಾಲಕ್ಕೆ ಪ್ರೋನೋಟು ಇದೆಯೇ ಎಂದು ನೀವು ಬರೆದಿಲ್ಲ. ಇದ್ದರೆ ಅದರ ಮೇಲಿನ ದಿನಾಂಕ ನೋಡಿಕೊಳ್ಳಿ. ಕೇಳಿದಾಗ ಕೊಡಬೇಕಾದ ಪ್ರೋನೋಟಿಗೆ ಬರೆದ ದಿನದಿಂದ ಮೂರು ವರ್ಷದ ಕಾಲಮಿತಿ ಇರುತ್ತದೆ. ಅದರೊಳಗೆ ಸಾಲಗಾರರು ಬಾಕಿಯನ್ನು ಒಪ್ಪಿ ಬರಹದಲ್ಲಿ ಸಹಿ ಹಾಕಿಕೊಟ್ಟರೆ ಕಾಲಮಿತಿ ಹೊಸದಾಗಿ ಆರಂಭವಾಗುತ್ತದೆ. ಸಾಲ ಪಡೆಯುವವರು 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಸ್ವೀಕರಿಸುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಆದ್ದರಿಂದ ಮುಂದೆ ಏನೇ ಕೊಟ್ಟು ತೆಗೆದುಕೊಂಡರೂ ಬ್ಯಾಂಕಿನ ಮೂಲಕವೇ ನಡೆಯಲಿ. ನನ್ನ ತಂದೆಯವರು ಊರಿನ ಅಕ್ಕಿ ಗಿರಣಿಯವರೊಬ್ಬರಿಗೆ ಕೊಟ್ಟ ಕೈಸಾಲದ ಪ್ರೋನೋಟು ಕಾಲಮಿತಿ ದಾಟಿದ್ದು ತಿಳಿಯುವಷ್ಟರಲ್ಲಿ ಗಿರಣಿಯೇ ಮುಚ್ಚಿತ್ತು. ಆ ಕಾಗದ ಇವತ್ತಿಗೂ ನಮ್ಮ ಮನೆಯ ಪೆಟ್ಟಿಗೆಯಲ್ಲಿದೆ. ಆದ್ದರಿಂದ ಈ ಮಾತನ್ನು ಕಳಕಳಿಯಿಂದಲೇ ಹೇಳುತ್ತಿದ್ದೇನೆ. ಚೀಟಿಯ ಮಟ್ಟಿಗೆ, 1982ರ ಚೀಟಿ ನಿಧಿ ಕಾಯ್ದೆಯಡಿ ನೋಂದಣಿಯಾದದ್ದಾದರೆ ಕೊನೆಯವರೆಗೂ ಕಟ್ಟಿ ಮುಗಿಸಿ. ನೋಂದಣಿಯಾಗದ ಚೀಟಿಯಾದರೆ ಆದಷ್ಟು ಬೇಗ ಹೊರಬನ್ನಿ.

ಈಗ ನಿಮ್ಮ ಅಗತ್ಯಕ್ಕೆ ಬರೋಣ. ನಿಮಗೆ ವರ್ಷಕ್ಕೆ 5.4 ಲಕ್ಷ ಬೇಕು. ಬ್ಯಾಂಕಿನ 58 ಮತ್ತು ಸೌಹಾರ್ದದ 14 ಸೇರಿದ 72 ಲಕ್ಷವನ್ನು, ಠೇವಣಿಗಳ ಅವಧಿ ಮುಗಿದಂತೆಲ್ಲ ಹೀಗೆ ಹಂಚಬಹುದು. ಅಂಚೆ ಕಚೇರಿ ಅಥವಾ ಬ್ಯಾಂಕಿನಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ, ಅದರ ಗರಿಷ್ಠ ಮಿತಿಯಾದ 30 ಲಕ್ಷವನ್ನೂ ಹಾಕಿ. ಶೇ 8.2ರಂತೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಬರುತ್ತದೆ. ಅಂಚೆಯ ಮಾಸಿಕ ಆದಾಯ ಯೋಜನೆಯಲ್ಲಿ ಪತ್ನಿಯೊಂದಿಗೆ ಜಂಟಿ ಖಾತೆ ತೆರೆದರೆ 15 ಲಕ್ಷ ಇಡಬಹುದು. ಶೇ 7.4ರಂತೆ ತಿಂಗಳಿಗೆ 9,250 ಸಿಗುತ್ತದೆ. ರಿಸರ್ವ್ ಬ್ಯಾಂಕಿನ ಏರಿಳಿತ ಬಡ್ಡಿಯ ಉಳಿತಾಯ ಬಾಂಡುಗಳಲ್ಲಿ 12 ಲಕ್ಷ ಇಟ್ಟರೆ, ಶೇ 8.05ರಂತೆ ಜನವರಿ 1 ಮತ್ತು ಜುಲೈ 1ರಂದು ತಲಾ 48,300 ರೂಪಾಯಿ ಬರುತ್ತದೆ. ಈ ಬಾಂಡಿನ ದರ ರಾಷ್ಟ್ರೀಯ ಉಳಿತಾಯ ಪತ್ರದ ದರಕ್ಕಿಂತ ಶೇ 0.35 ಹೆಚ್ಚಾಗಿರುತ್ತದೆ ಮತ್ತು ಅದರ ಜೊತೆಯಲ್ಲೇ ಏರಿಳಿಯುತ್ತದೆ. ಅವಧಿ ಏಳು ವರ್ಷ, ನಡುವೆ ಮಾರುವಂತಿಲ್ಲ. 60 ದಾಟಿದವರಿಗೆ ಮಾತ್ರ ವಯಸ್ಸಿಗೆ ತಕ್ಕಂತೆ ಸ್ವಲ್ಪ ಮುಂಚೆ ಹೊರಬರುವ ಅವಕಾಶವಿದೆ. ಹತ್ತು ಲಕ್ಷ ಕೇಂದ್ರ ಅಥವಾ ಕರ್ನಾಟಕ ಸರ್ಕಾರದ ದೀರ್ಘಾವಧಿ ಸಾಲಪತ್ರಗಳಿಗೆ ಹೋಗಲಿ. ಉಳಿದ 5 ಲಕ್ಷ ಆಸ್ಪತ್ರೆ, ತುರ್ತು ಎಂಬಂಥವುಗಳಿಗಾಗಿ ಬ್ಯಾಂಕಿನಲ್ಲೇ ಇರಲಿ. ದೀರ್ಘಾವಧಿ ಪತ್ರಗಳಿಗೆ ಶೇ 7 ಎಂದೂ ಬ್ಯಾಂಕಿಗೆ ಶೇ 6 ಎಂದೂ ಹಿಡಿದರೆ, ಒಟ್ಟು ಆದಾಯ ಸುಮಾರು ಐದೂವರೆ ಲಕ್ಷವಾಗುತ್ತದೆ. ವರ್ತಕರ ಬಡ್ಡಿಯಾಗಲಿ ತೋಟದ ಹಣವಾಗಲಿ ಬರದ ವರ್ಷವೂ ಮನೆ ನಡೆಯುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ 2025–26ರಿಂದ 12 ಲಕ್ಷದವರೆಗಿನ ಇಂಥ ಆದಾಯಕ್ಕೆ ರಿಯಾಯಿತಿ ಇರುವುದರಿಂದ ಬಡ್ಡಿಯ ಮೇಲೆ ತೆರಿಗೆಯ ಭಾರವೂ ಬೀಳಲಾರದು.

ಇನ್ನು ಜಂಟಿ ಹೂಡಿಕೆಯ ಸಲಹೆ. ತಂದೆ ಮತ್ತು ಮಗ ಜಂಟಿಯಾಗಿ ಒಂದು ಕೋಟಿಯ ಕನಿಷ್ಠ ಹೂಡಿಕೆಯ ಮಿತಿಯನ್ನು ಮುಟ್ಟಲು ಬಂಡವಾಳ ಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ನಿಯಮದಲ್ಲಿ ಅವಕಾಶವಿದೆ. ಸಲಹೆಗಾರರು ಅಷ್ಟರ ಮಟ್ಟಿಗೆ ಸುಳ್ಳು ಹೇಳಿಲ್ಲ. ಆದರೆ ಆ ಒಂದು ಕೋಟಿಯ ಮಿತಿಯನ್ನು ಇಟ್ಟಿರುವುದೇ, ಕೆಲವು ವರ್ಷ ಕೈಗೆ ಸಿಗದಿದ್ದರೂ, ಒಂದಷ್ಟು ಮುಳುಗಿದರೂ ಸಂಸಾರ ಅಲುಗದವರು ಮಾತ್ರ ಒಳಗೆ ಬರಲಿ ಎಂದು. ನಿಮ್ಮ 60 ಲಕ್ಷ ನಿಮ್ಮ ಊಟದ ಹಣ.

ಪ್ರಶ್ನೆ: ನಾನು ದಾವಣಗೆರೆಯ ಗೃಹಿಣಿ. 2022ರ ಆರಂಭದಲ್ಲಿ ರಿಸರ್ವ್ ಬ್ಯಾಂಕಿನ ರಿಟೇಲ್ ಡೈರೆಕ್ಟ್ ಖಾತೆಯ ಮೂಲಕ ಹತ್ತು ವರ್ಷದ ಸರ್ಕಾರಿ ಬಾಂಡು ಕೊಂಡೆ. ಅದೇ ವರ್ಷ ಅದರ ಬೆಲೆ ನಾನು ಕೊಟ್ಟದ್ದಕ್ಕಿಂತ ಕೆಳಗಿಳಿಯಿತು. ಸರ್ಕಾರದ ಬಾಂಡಿನಲ್ಲೂ ನಷ್ಟವಾಗುತ್ತದೆಯೇ?

ಉತ್ತರ: ಅವಧಿ ಮುಗಿಯುವವರೆಗೆ ಇಟ್ಟುಕೊಂಡರೆ ನಿಮಗೆ ಬರಬೇಕಾದ ಬಡ್ಡಿಯಲ್ಲಾಗಲಿ ಅಸಲಿನಲ್ಲಾಗಲಿ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ. ನಡುವೆ ಮಾರಿದರೆ ಮಾತ್ರ ಅಂದಿನ ಬೆಲೆಗೆ ಮಾರಬೇಕಾಗುತ್ತದೆ.

ಬೆಲೆ ಇಳಿಯುವ ಕಾರಣ ಸರಳವಾದದ್ದು. ನಿಮ್ಮ ಬಾಂಡು ಶೇ 7ರ ಬಡ್ಡಿ ಕೊಡುತ್ತದೆ ಎಂದುಕೊಳ್ಳಿ. ನಾಳೆ ಸರ್ಕಾರ ಶೇ 8ರ ಹೊಸ ಬಾಂಡು ಮಾರತೊಡಗಿದರೆ ನಿಮ್ಮದನ್ನು ಪೂರ್ಣ ಬೆಲೆಗೆ ಯಾರೂ ಕೊಳ್ಳುವುದಿಲ್ಲ. ವರ್ಷಕ್ಕೊಮ್ಮೆ ಬಡ್ಡಿ ಕೊಡುವ ಹತ್ತು ವರ್ಷದ ಒಂದು ಲಕ್ಷದ ಬಾಂಡಿನ ಬೆಲೆ ಆಗ ಸುಮಾರು 93,290ಕ್ಕೆ ಇಳಿಯುತ್ತದೆ. ಅದೇ ಬಾಂಡಿಗೆ ಎರಡೇ ವರ್ಷ ಉಳಿದಿದ್ದರೆ ಬೆಲೆ 98,217ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಉಳಿದ ಅವಧಿ ಉದ್ದವಾದಷ್ಟೂ ಕುಸಿತವೂ ಹೆಚ್ಚು. ನೀವು ಕೊಂಡ ಕಾಲವೂ ನಿಮಗೆ ಅನುಕೂಲವಾಗಿರಲಿಲ್ಲ. 2021ರ ನವೆಂಬರ್ 12ರಂದು ರಿಟೇಲ್ ಡೈರೆಕ್ಟ್ ಆರಂಭವಾದಾಗ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ, ಶೇ 4 ಇತ್ತು. 2022ರ ಮೇ ತಿಂಗಳಿಂದ ಏರತೊಡಗಿದ ಅದು 2023ರ ಫೆಬ್ರುವರಿ ಹೊತ್ತಿಗೆ 6.5 ಮುಟ್ಟಿತು. ಮೊದಮೊದಲು ಖಾತೆ ತೆರೆದು ದೀರ್ಘಾವಧಿ ಪತ್ರ ಕೊಂಡವರೆಲ್ಲ ಇದೇ ಇಳಿತವನ್ನು ಕಂಡರು. 2025ರ ಫೆಬ್ರುವರಿಯಿಂದ ಜೂನ್‌ವರೆಗೆ ದರ ಮತ್ತೆ 5.5ಕ್ಕೆ ಇಳಿದಾಗ ಬೆಲೆಗೆ ಬಲ ಬಂತು.

ಎಲ್ಲ ಹಣವನ್ನೂ ಒಂದೇ ಅವಧಿಯ ಪತ್ರಕ್ಕೆ ಹಾಕದಿರುವುದು ಇದಕ್ಕೆ ಉಪಾಯ. ಎರಡು ಲಕ್ಷವಿದ್ದರೆ 364 ದಿನದ ಟ್ರೆಷರಿ ಬಿಲ್ (ಸರ್ಕಾರದ ಅಲ್ಪಾವಧಿ ಸಾಲಪತ್ರ), ಮೂರು ವರ್ಷ, ಐದು ವರ್ಷ, ಹತ್ತು ವರ್ಷ ಎಂದು ಮೆಟ್ಟಿಲು ಮೆಟ್ಟಿಲಾಗಿ ಹಂಚಿ. ಒಂದೊಂದರ ಹಣ ಬಂದಂತೆ ಅಂದಿನ ದರದಲ್ಲಿ ಮತ್ತೆ ಕೊನೆಯ ಮೆಟ್ಟಿಲಿಗೆ ಹಾಕಿ. ಕನಿಷ್ಠ ಹೂಡಿಕೆ 10,000 ರೂಪಾಯಿ, ಖಾತೆಗೆ ಶುಲ್ಕವಿಲ್ಲ. ರಾಜ್ಯ ಸರ್ಕಾರಗಳ ಸಾಲಪತ್ರಗಳೂ ಅಲ್ಲಿಯೇ ಸಿಗುತ್ತವೆ, ಕೇಂದ್ರದ ಪತ್ರಗಳಿಗಿಂತ ಸಾಮಾನ್ಯವಾಗಿ ತುಸು ಹೆಚ್ಚಿನ ಬಡ್ಡಿಯೂ ಇರುತ್ತದೆ. ಕರ್ನಾಟಕದ ಪತ್ರಗಳನ್ನು ಅಲ್ಲಿ ಹುಡುಕಿ ನೋಡಿ.

ಪ್ರಶ್ನೆ: ನಾನು ಮೈಸೂರಿನಲ್ಲಿ ಎಂಜಿನಿಯರ್, ವಯಸ್ಸು 32. ಭವಿಷ್ಯ ನಿಧಿಯಲ್ಲಿ 9 ಲಕ್ಷ, ಷೇರು ಫಂಡುಗಳಲ್ಲಿ 7 ಲಕ್ಷ ಇದೆ. ಆನ್‌ಲೈನ್ ಬಾಂಡ್ ವೇದಿಕೆಯೊಂದರಲ್ಲಿ ಹಣಕಾಸು ಕಂಪನಿಯ ಶೇ 11ರ ಡಿಬೆಂಚರುಗಳು, ಅಂದರೆ ಕಂಪನಿಯ ಸಾಲಪತ್ರಗಳು, ತಲಾ 10,000ಕ್ಕೆ ಸಿಗುತ್ತಿವೆ. ರೇಟಿಂಗ್ ಬಿಬಿಬಿ, ‘ಸೆಕ್ಯೂರ್ಡ್’ ಎಂದೂ ಬರೆದಿದ್ದಾರೆ. ನನ್ನಲ್ಲಿ ಬಾಂಡು ಒಂದೂ ಇಲ್ಲದ್ದರಿಂದ 2 ಲಕ್ಷ ಹಾಕಲೇ?

ಉತ್ತರ: ಮೊದಲಿಗೆ, ನಿಮ್ಮಲ್ಲಿ ಬಾಂಡು ಇಲ್ಲ ಎಂಬುದು ಸರಿಯಲ್ಲ. ಭವಿಷ್ಯ ನಿಧಿ ತನ್ನ ಹಣದ ಬಹುಭಾಗವನ್ನು ಸರ್ಕಾರದ ಮತ್ತು ದೊಡ್ಡ ಸಂಸ್ಥೆಗಳ ಸಾಲಪತ್ರಗಳಲ್ಲಿಯೇ ತೊಡಗಿಸುತ್ತದೆ. 2024–25ಕ್ಕೆ ಅದು ಕೊಟ್ಟ ಬಡ್ಡಿ ಶೇ 8.25. ನಿಮ್ಮ 16 ಲಕ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಈಗಾಗಲೇ ಬಾಂಡಿನಲ್ಲಿದೆ, ಅದೂ ಪೇಟೆಯಲ್ಲಿ ಹುಡುಕಿದರೂ ಸುಲಭವಾಗಿ ಸಿಗದ ದರದಲ್ಲಿ. ನಿಮ್ಮ ವಯಸ್ಸಿಗೆ ಇದು ಸಾಕು.

ಆದರೂ ಈ ಡಿಬೆಂಚರನ್ನು ಹೇಗೆ ನೋಡಬೇಕು ಎಂದು ವಿವರಿಸುತ್ತೇನೆ, ಏಕೆಂದರೆ ಇದೇ ಬಗೆಯ ಪ್ರಶ್ನೆಗಳು ನನಗೆ ಬರುತ್ತಲೇ ಇವೆ. ಖಾಸಗಿಯಾಗಿ ಹಂಚಿದ ಬಾಂಡುಗಳ ಮುಖಬೆಲೆ ಮೊದಲು 10 ಲಕ್ಷ ಇತ್ತು. ಸೆಬಿ ಅದನ್ನು 2023ರ ಜನವರಿಯಿಂದ ಒಂದು ಲಕ್ಷಕ್ಕೂ, 2024ರ ಜುಲೈನಲ್ಲಿ ಕೆಲವು ಷರತ್ತುಗಳೊಂದಿಗೆ 10,000ಕ್ಕೂ ಇಳಿಸಿತು. ಬಾಂಡ್ ವೇದಿಕೆಗಳು ಷೇರು ದಲ್ಲಾಳಿಗಳಾಗಿ ನೋಂದಣಿ ಮಾಡಿಸಿಕೊಳ್ಳಬೇಕೆಂಬ ನಿಯಮ 2022ರ ನವೆಂಬರಿನಲ್ಲಿ ಬಂತು. ಇವೆರಡೂ ಒಳ್ಳೆಯ ಬದಲಾವಣೆಗಳೇ. ಆದರೆ ಬಾಗಿಲು ಅಗಲವಾಯಿತೇ ಹೊರತು ಒಳಗಿರುವ ಸಾಲಗಾರ ಬದಲಾಗಲಿಲ್ಲ. ವೇದಿಕೆಯ ಕೆಲಸ ಮಾರುವುದು. ಹಣ ಹಿಂದಿರುಗಿಸಬೇಕಾದ್ದು ಆ ಹಣಕಾಸು ಕಂಪನಿ.

ಈಗ ಲೆಕ್ಕ. ಸರ್ಕಾರದ ಪತ್ರ ಸುಮಾರು ಶೇ 7 ಕೊಡುವಾಗ ಈ ಕಂಪನಿ 11 ಕೊಡುತ್ತದೆ. ಎರಡು ಲಕ್ಷದ ಮೇಲೆ ನಿಮಗೆ ವರ್ಷಕ್ಕೆ ಸಿಗುವ ಹೆಚ್ಚುವರಿ ಹಣ 8,000 ರೂಪಾಯಿ. ಕಂಪನಿ ಮುಳುಗಿ ಎರಡು ಲಕ್ಷವೂ ಹೋದರೆ ಅದನ್ನು ಆ 8,000ದಿಂದ ತುಂಬಿಕೊಳ್ಳಲು 25 ವರ್ಷ ಬೇಕು. ಇಪ್ಪತ್ತು ಬೇರೆ ಬೇರೆ ಕಂಪನಿಗಳಲ್ಲಿ ತಲಾ 10,000 ಹಾಕಿ, ಅವುಗಳಲ್ಲಿ ಒಂದು ಮುಳುಗಿದರೆ ಮಾತು ಬೇರೆ. ಆಗ ಒಂದು ವರ್ಷದ ಹೆಚ್ಚುವರಿ ಬಡ್ಡಿಗಿಂತ ತುಸು ಹೆಚ್ಚು ಹೋಗುತ್ತದೆ, ಅಷ್ಟೇ. ಮುಖಬೆಲೆ 10,000ಕ್ಕೆ ಇಳಿದದ್ದರ ನಿಜವಾದ ಪ್ರಯೋಜನ ಹೀಗೆ ಹಂಚಿಡುವುದರಲ್ಲಿದೆ. ಒಂದೇ ಕಂಪನಿಯ ಇಪ್ಪತ್ತು ಡಿಬೆಂಚರು ಕೊಂಡರೆ ಆ ಪ್ರಯೋಜನ ಸಿಗದು. ಇಪ್ಪತ್ತರಲ್ಲೂ ಹದಿನೈದು ಕಿರುಸಾಲ ಕಂಪನಿಗಳೇ ಆದರೆ ಅದೂ ಹಂಚಿದಂತಲ್ಲ, ಏಕೆಂದರೆ ಅವುಗಳ ಕಷ್ಟಕಾಲ ಒಟ್ಟಿಗೇ ಬರುತ್ತದೆ.

ರೇಟಿಂಗ್ ಎಂಬುದು ಸಾಲ ತೀರಿಸುವ ಸಾಮರ್ಥ್ಯದ ಬಗೆಗಿನ ಅಭಿಪ್ರಾಯ, ಜಾಮೀನಲ್ಲ. ಬಿಬಿಬಿ ಎಂದರೆ ಹೂಡಿಕೆಗೆ ಯೋಗ್ಯವೆನ್ನುವ ಸಾಲಿನ ಕೊನೆಯ ಹಂತ. ಅದರ ಕೆಳಗಿನ ಬಿಬಿಯಿಂದ ಸಟ್ಟಾ ವರ್ಗ ಆರಂಭವಾಗುತ್ತದೆ. ಮೇಲಿನ ಹಂತವೂ ನೆಚ್ಚತಕ್ಕದ್ದಲ್ಲ ಎಂಬುದಕ್ಕೆ 2018ರ ಸೆಪ್ಟೆಂಬರಿನಲ್ಲಿ ಕಂತು ತಪ್ಪಿದ ಮೂಲಸೌಕರ್ಯ ಹಣಕಾಸು ಸಂಸ್ಥೆ ಐಎಲ್ ಅಂಡ್ ಎಫ್‌ಎಸ್ ಸಾಕ್ಷಿ. ಅದಕ್ಕೆ ಕೆಲವೇ ವಾರಗಳ ಹಿಂದೆ ಅತ್ಯುನ್ನತ ಹಂತವಾದ ಎಎಎ ರೇಟಿಂಗ್ ಇತ್ತು. ಮರುವರ್ಷ ಗೃಹಸಾಲ ಕಂಪನಿ ಡಿಎಚ್‌ಎಫ್‌ಎಲ್ ಬಾಕಿ ಉಳಿಸಿಕೊಂಡಿತು, ಅದರ ಠೇವಣಿದಾರರಲ್ಲೂ ಡಿಬೆಂಚರುದಾರರಲ್ಲೂ ಅನೇಕರಿಗೆ ಪೂರ್ಣ ಮೊತ್ತ ಮರಳಲಿಲ್ಲ. 2020ರ ಮಾರ್ಚಿನಲ್ಲಿ ಯೆಸ್ ಬ್ಯಾಂಕಿನ ಪುನಶ್ಚೇತನದ ವೇಳೆ 8,415 ಕೋಟಿ ರೂಪಾಯಿಯ ಎಟಿ–1 ಬಾಂಡುಗಳನ್ನು, ಅಂದರೆ ಬ್ಯಾಂಕ್ ಸಂಕಟಕ್ಕೆ ಸಿಲುಕಿದರೆ ರದ್ದುಮಾಡಬಹುದಾದ ಬಾಂಡುಗಳನ್ನು, ಸೊನ್ನೆಗೆ ಇಳಿಸಲಾಯಿತು. ಅವುಗಳನ್ನು ಠೇವಣಿಯಂತೆಯೇ ಎಂದು ನಂಬಿ ಕೊಂಡ ಹಿರಿಯರೂ ಇದ್ದರು. ಆ ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ರೇಟಿಂಗ್ ಸಂಸ್ಥೆಗಳು ಪ್ರತಿ ರೇಟಿಂಗಿಗೂ ಕಾರಣಗಳನ್ನು ಬರೆದು ತಮ್ಮ ಜಾಲತಾಣದಲ್ಲಿ ಪ್ರಕಟಿಸುತ್ತವೆ. ನಾಲ್ಕೈದು ಪುಟಗಳ ಆ ಟಿಪ್ಪಣಿಯಲ್ಲಿ ದೌರ್ಬಲ್ಯಗಳ ಭಾಗವನ್ನು, ಯಾವ ಪರಿಸ್ಥಿತಿಯಲ್ಲಿ ರೇಟಿಂಗ್ ಇಳಿಸುತ್ತೇವೆ ಎಂಬ ಭಾಗವನ್ನು ಓದದೆ ಒಂದು ಬಾಂಡನ್ನೂ ಕೊಳ್ಳಬೇಡಿ.

‘ಸೆಕ್ಯೂರ್ಡ್’ ಎಂಬ ಪದ ಕಂಡೊಡನೆ ಭದ್ರತೆ ಯಾವುದರ ಮೇಲೆ ಎಂದು ಕೇಳಬೇಕು. ಇಂಥ ಕಂಪನಿಗಳ ವಿಷಯದಲ್ಲಿ ಅದು ಸಾಮಾನ್ಯವಾಗಿ ಅವು ಕೊಟ್ಟಿರುವ ಸಾಲಗಳಿಂದ ಬರಬೇಕಾದ ಬಾಕಿಯ ಮೇಲಿನ ಹಕ್ಕು. ಕಂಪನಿ ಬಿದ್ದ ದಿನ ಆ ಬಾಕಿಯೇ ವಸೂಲಾಗದ ಸ್ಥಿತಿಯಲ್ಲಿರುತ್ತದೆ. ಇನ್ನೊಂದು ಮಾತು: ಪೇಟೆಯಲ್ಲಿ ನೋಂದಾಯಿಸಿದೆ ಎಂದ ಮಾತ್ರಕ್ಕೆ ಬೇಕೆಂದಾಗ ಕೊಳ್ಳುವವರು ಸಿಗುತ್ತಾರೆ ಎಂದಲ್ಲ. ಷೇರಿನಂತೆ ಒಂದು ಗುಂಡಿ ಒತ್ತಿ ಮಾರುವ ಭರವಸೆಯಿಂದ ಇದಕ್ಕೆ ಇಳಿಯಬೇಡಿ. ಬಡ್ಡಿ ನಿಮ್ಮ ತೆರಿಗೆ ಹಂತದ ದರಕ್ಕೆ ಒಳಪಡುವುದರಿಂದ, ಶೇ 30ರ ಹಂತದಲ್ಲಿದ್ದರೆ ಸೆಸ್ ಸೇರಿ 11ರಲ್ಲಿ ಕೈಗೆ ಉಳಿಯುವುದು ಸುಮಾರು 7.6.

ಇಷ್ಟಾದ ಮೇಲೂ ಕಲಿಯುವ ಆಸೆಯಿದ್ದರೆ ಎಎ ಅಥವಾ ಅದಕ್ಕಿಂತ ಮೇಲಿನ ರೇಟಿಂಗಿನ ಎರಡು ಮೂರು ಕಂಪನಿಗಳಲ್ಲಿ ತಲಾ 10,000 ಹಾಕಿ ನೋಡಿ. ಅದಕ್ಕಿಂತ ಕಾರ್ಪೊರೇಟ್ ಬಾಂಡ್ ಫಂಡು ನಿಮಗೆ ಹೆಚ್ಚು ಒಪ್ಪುತ್ತದೆ. ಅದು ಕನಿಷ್ಠ ಶೇ 80ರಷ್ಟು ಹಣವನ್ನು ಎಎ ಪ್ಲಸ್ ಮತ್ತು ಮೇಲಿನ ರೇಟಿಂಗಿನ ಪತ್ರಗಳಲ್ಲಿಯೇ ಇಡಬೇಕು. ಹೆಸರಿನಲ್ಲಿ ‘ಕ್ರೆಡಿಟ್ ರಿಸ್ಕ್’ ಎಂದಿರುವ ಫಂಡುಗಳಿಗೆ ನಿಯಮ ತಿರುಗುಮುರುಗು: ಕನಿಷ್ಠ ಶೇ 65 ಹಣ ಎಎ ಮತ್ತು ಅದರ ಕೆಳಗಿನ ಪತ್ರಗಳಲ್ಲಿ ಇರಬೇಕು.

ಪ್ರಶ್ನೆ: ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆ ನನ್ನದು, ವಯಸ್ಸು 48. ಕಾರ್ಖಾನೆ ಮತ್ತು ಮನೆ ಬಿಟ್ಟು 10 ಕೋಟಿ ರೂಪಾಯಿ ಹೂಡಿಕೆ ಇದೆ: ಷೇರು 5, ಠೇವಣಿ ಮತ್ತು ಬಾಂಡು 4, ಚಿನ್ನ 1. ಶೇ 16 ಗಳಿಕೆಯ ನಿರೀಕ್ಷೆ ತೋರಿಸುವ ಪ್ರೈವೇಟ್ ಕ್ರೆಡಿಟ್ ನಿಧಿಯಲ್ಲಿ ಎಷ್ಟು ಹಾಕಬಹುದು?

ಉತ್ತರ: ಒಂದು ಕೋಟಿ ಹಾಕಬಹುದು, ಅದಕ್ಕಿಂತ ಹೆಚ್ಚು ಬೇಡ. ಈ ನಿಧಿಗಳು ಸೆಬಿಯ 2012ರ ಪರ್ಯಾಯ ಹೂಡಿಕೆ ನಿಧಿ ನಿಯಮಗಳಡಿ ಬಹುತೇಕ ಎರಡನೆಯ ವರ್ಗದಲ್ಲಿ ನೋಂದಣಿಯಾಗುತ್ತವೆ. ಅವಧಿ ಕನಿಷ್ಠ ಮೂರು ವರ್ಷ, ಹೂಡಿಕೆಯ ಮೊತ್ತದ ಲೆಕ್ಕದಲ್ಲಿ ಹೂಡಿಕೆದಾರರ ಮೂರನೆಯ ಎರಡು ಭಾಗದವರು ಒಪ್ಪಿದರೆ ಇನ್ನೆರಡು ವರ್ಷ ಹಿಗ್ಗಬಹುದು. ಒಂದೇ ಕಂಪನಿಗೆ ನಿಧಿಯ ಶೇ 25ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಅಂದರೆ ನಾಲ್ಕೇ ಸಾಲಗಾರರಿರುವ ನಿಧಿಯೂ ನಿಯಮದೊಳಗೇ ಇರಲು ಸಾಧ್ಯ ಎಂಬುದನ್ನು ಗಮನಿಸಿ.

ಶೇ 16 ಎಂಬುದು ಸಾಲಗಾರ ಕೊಡುವ ದರ, ನಿಮ್ಮ ಕೈಗೆ ಬರುವ ದರವಲ್ಲ. ನಿಮ್ಮ ಒಂದು ಕೋಟಿ ಹತ್ತು ಕಂಪನಿಗಳಿಗೆ ತಲಾ 10 ಲಕ್ಷದಂತೆ ಮೂರು ವರ್ಷಕ್ಕೆ ಸಾಲವಾಗಿ ಹೋಯಿತು ಎಂದುಕೊಳ್ಳಿ. ಒಂದು ಕಂಪನಿ ಮೊದಲಿನಿಂದಲೇ ಬಡ್ಡಿ ಕೊಡದೆ, ಕೊನೆಗೆ ಅರ್ಧ ಅಸಲನ್ನಷ್ಟೇ ಹಿಂದಿರುಗಿಸುತ್ತದೆ. ಉಳಿದ ಒಂಬತ್ತರ ಬಡ್ಡಿ ಮೂರು ವರ್ಷಕ್ಕೆ 43.2 ಲಕ್ಷ. ಅದರಲ್ಲಿ ಅಸಲಿನ ನಷ್ಟ 5 ಲಕ್ಷ ಕಳೆಯಿರಿ. ನಿರ್ವಹಣಾ ಶುಲ್ಕ ಶೇ 2, ಅದರ ಮೇಲೆ ಜಿಎಸ್‌ಟಿ ಎಂದಾದರೆ ಇನ್ನೂ 7 ಲಕ್ಷ ಹೋಗುತ್ತದೆ. ಉಳಿದದ್ದು ಸುಮಾರು 31 ಲಕ್ಷ, ಅಂದರೆ ವರ್ಷಕ್ಕೆ ಶೇ 10.4. ಲಾಭದಲ್ಲಿ ನಿಧಿಯವರು ಪಡೆಯುವ ಪಾಲನ್ನು ನಾನು ಇನ್ನೂ ಕಳೆದಿಲ್ಲ. ಈ ನಿಧಿಗಳ ಆದಾಯ ನೇರವಾಗಿ ಹೂಡಿಕೆದಾರನ ಕೈಯಲ್ಲಿ ತೆರಿಗೆಗೆ ಒಳಪಡುತ್ತದೆ. ಶುಲ್ಕವನ್ನೂ ಅಸಲಿನ ನಷ್ಟವನ್ನೂ ಬಡ್ಡಿಯಿಂದ ಕಳೆಯಲು ಅವಕಾಶ ಸಿಗದಿದ್ದರೆ 43.2 ಲಕ್ಷಕ್ಕೆ ಶೇ 31.2ರಂತೆ ತೆರಿಗೆಯೇ ಹದಿಮೂರೂವರೆ ಲಕ್ಷ, ಕೊನೆಗೆ ಉಳಿಯುವುದು ವರ್ಷಕ್ಕೆ ಶೇ 5.9ರಷ್ಟು. ನಿಮ್ಮ ಆದಾಯಕ್ಕೆ ಸರ್‌ಚಾರ್ಜ್ ಬಿದ್ದರೆ ಇನ್ನೂ ಕಡಿಮೆ. ಹತ್ತೂ ಕಂಪನಿಗಳು ಸರಿಯಾಗಿ ಕೊಟ್ಟರೆ ಚಿತ್ರ ಚೆನ್ನಾಗಿಯೇ ಇರುತ್ತದೆ. ಆದರೆ ಶೇ 16ರ ಬಡ್ಡಿಗೆ ಒಪ್ಪುವ ಕಂಪನಿಗೆ ಬ್ಯಾಂಕು ಕಡಿಮೆ ಬಡ್ಡಿಗೆ ಏಕೆ ಕೊಡಲಿಲ್ಲ ಎಂಬ ಪ್ರಶ್ನೆಯನ್ನು ಮರೆಯಬಾರದು. ಕೆಲವೊಮ್ಮೆ ಅದಕ್ಕೆ ಒಳ್ಳೆಯ ಉತ್ತರವಿರುತ್ತದೆ: ಬ್ಯಾಂಕಿಗೆ ನಿಯಮದ ಅಡ್ಡಿಯಿತ್ತು, ಹಣ ಮೂರು ವಾರದಲ್ಲಿ ಬೇಕಿತ್ತು, ಸಾಲದ ಸ್ವರೂಪ ಬ್ಯಾಂಕಿನ ಚೌಕಟ್ಟಿಗೆ ಹೊಂದಲಿಲ್ಲ. ಆ ಉತ್ತರವನ್ನು ನಿಧಿಯವರ ಬಾಯಿಂದ, ಒಂದೊಂದು ಸಾಲಕ್ಕೂ, ಕೇಳಿ ಪಡೆಯಿರಿ.

ಹಾಗೆಯೇ ಅವರ ಹಿಂದಿನ ನಿಧಿಗಳು ಪೂರ್ತಿ ಮುಗಿದು ಹಣ ಹಂಚಿಕೆಯಾಗಿದೆಯೇ ಎಂದು ಕೇಳಿ. ಕಾಗದದ ಮೇಲಿನ ಗಳಿಕೆ ಬೇರೆ, ಖಾತೆಗೆ ಬಂದ ಹಣ ಬೇರೆ. ಬಡ್ಡಿಯನ್ನು ನಗದಾಗಿ ಪಡೆಯುತ್ತಾರೆಯೇ ಅಥವಾ ಅಸಲಿಗೆ ಸೇರಿಸುತ್ತಾ ಹೋಗುತ್ತಾರೆಯೇ ಎಂದು ವಿಚಾರಿಸಿ. ಸೇರಿಸುತ್ತಾ ಹೋಗುವ ಸಾಲದಲ್ಲಿ ಸಾಲಗಾರನ ಸಂಕಟ ಕೊನೆಯ ದಿನದವರೆಗೂ ಹೊರಗೆ ಕಾಣುವುದಿಲ್ಲ. ಹಳೆಯ ಸಾಲ ತೀರಿಸಲು ಹೊಸ ಸಾಲ ಕೊಡುವ ಅಭ್ಯಾಸ ಇದೆಯೇ ಎಂಬುದೂ ಮುಖ್ಯ. 2023ರ ಡಿಸೆಂಬರ್ 19ರಂದು ರಿಸರ್ವ್ ಬ್ಯಾಂಕ್, ಬ್ಯಾಂಕುಗಳು ತಮ್ಮ ಸಾಲಗಾರ ಕಂಪನಿಗಳಲ್ಲಿ ಹಣ ತೊಡಗಿಸುವ ಇಂಥ ನಿಧಿಗಳಿಗೆ ಹಣ ಹಾಕದಂತೆ ತಡೆದದ್ದು ಇದೇ ಆತಂಕದಿಂದ.

ನಿಮ್ಮ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಬಿಡಿಭಾಗ ತಯಾರಕರಿಗೆ, ಸಾರಿಗೆ ಕಂಪನಿಗಳಿಗೆ ಸಾಲ ಕೊಡುವ ನಿಧಿಯನ್ನು ಆರಿಸಬೇಡಿ, ಅದರಿಂದ ನಿಮ್ಮ ಕಾರ್ಖಾನೆಯ ಕಷ್ಟ ಎರಡು ಪಟ್ಟಾಗುತ್ತದೆ. ಈ ಒಂದು ಕೋಟಿಯನ್ನು ಷೇರಿನ ಪಾಲಿನಿಂದ ತೆಗೆಯಿರಿ, ಠೇವಣಿ ಮತ್ತು ಬಾಂಡಿನ 4 ಕೋಟಿಯನ್ನು ಮುಟ್ಟಬೇಡಿ. ಹೆಸರಿನಲ್ಲಿ ಸಾಲವೆಂದಿದ್ದರೂ ಕಷ್ಟಕಾಲದಲ್ಲಿ ಇದು ವರ್ತಿಸುವುದು ಷೇರಿನ ಹಾಗೆ. 2020ರ ಏಪ್ರಿಲ್ 23ರಂದು ಮ್ಯೂಚುವಲ್ ಫಂಡ್ ಸಂಸ್ಥೆ ಫ್ರಾಂಕ್ಲಿನ್ ಟೆಂಪಲ್ಟನ್ ತನ್ನ ಆರು ಸಾಲಪತ್ರ ಯೋಜನೆಗಳನ್ನು ಮುಚ್ಚುವುದಾಗಿ ಪ್ರಕಟಿಸಿದಾಗ, ದಿನದೊಳಗೆ ಹಣ ಸಿಗುತ್ತದೆಂದು ನಂಬಿದ್ದವರು ಕಂತು ಕಂತಾಗಿ ಬರುವ ಹಣಕ್ಕೆ ಬಹುಕಾಲ ಕಾಯಬೇಕಾಯಿತು. ಹಣ ಕೊನೆಗೆ ಮರಳಿತು, ಆದರೆ ನಡುವೆ ಮಗಳ ಮದುವೆಯೋ ಕಾರ್ಖಾನೆಯ ಸಂಬಳವೋ ಬಂದಿದ್ದವರಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಅದು ದಿನವೂ ತೆರೆದಿರಬೇಕಾದ ಯೋಜನೆಗಳ ಕಥೆ. ನೀವು ಸೇರಲಿರುವ ನಿಧಿಯ ಬಾಗಿಲು ಮೊದಲ ದಿನದಿಂದಲೇ ಮುಚ್ಚಿರುತ್ತದೆ.

ಪ್ರಶ್ನೆ: ನಾನು ಕುಂದಾಪುರದವನು, ಮಸ್ಕತ್ತಿನಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ. ನಾಲ್ಕು ವರ್ಷದಲ್ಲಿ ಊರಿಗೆ ಮರಳುವ ಯೋಚನೆ. ನಮ್ಮಂಥವರಿಗೆ ಸರ್ಕಾರಿ ಬಾಂಡುಗಳು ಸಿಗುತ್ತವೆಯೇ?

ಉತ್ತರ: ಸಿಗುತ್ತವೆ, ಎಲ್ಲವೂ ಅಲ್ಲ. ಹಿರಿಯ ನಾಗರಿಕರ ಯೋಜನೆ, ಹೊಸ ಪಿಪಿಎಫ್ ಖಾತೆ, ರಿಸರ್ವ್ ಬ್ಯಾಂಕಿನ ಏರಿಳಿತ ಬಡ್ಡಿಯ ಬಾಂಡು ಅನಿವಾಸಿಗಳಿಗೆ ತೆರೆದಿಲ್ಲ. ಕೇಂದ್ರ ಸರ್ಕಾರದ ಸಾಲಪತ್ರಗಳನ್ನು ರಿಟೇಲ್ ಡೈರೆಕ್ಟ್ ಮೂಲಕ ಕೊಳ್ಳಬಹುದು. ಆದರೆ ಅವುಗಳ ಬಡ್ಡಿಗೆ ಇಲ್ಲಿ ತೆರಿಗೆ ಇದೆ, ಅನಿವಾಸಿಗಳು ವಿದೇಶದ ಗಳಿಕೆಯನ್ನು ರೂಪಾಯಿಯಲ್ಲಿ ಇಡುವ ಎನ್‌ಆರ್‌ಇ ಠೇವಣಿಯ ಬಡ್ಡಿಗೆ ಇಲ್ಲ. ಆದ್ದರಿಂದ ಮರಳುವವರೆಗಿನ ನಾಲ್ಕು ವರ್ಷ ಎನ್‌ಆರ್‌ಇ ಠೇವಣಿಯನ್ನೇ ಬುನಾದಿಯಾಗಿ ಇಟ್ಟುಕೊಳ್ಳಿ. 5 ಲಕ್ಷದ ವಿಮೆ ಅದಕ್ಕೂ ಅನ್ವಯಿಸುವುದರಿಂದ ಎರಡು ಮೂರು ಬ್ಯಾಂಕುಗಳಲ್ಲಿ ಹಂಚಿಡಿ. ಊರಿನಲ್ಲಿ ಬದುಕಲು ಬೇಕಾಗುವ ಹಣ ರೂಪಾಯಿಯಲ್ಲೇ ಇರುವುದು ಒಳ್ಳೆಯದು. ಮರಳಿ ಬಂದು ನಿವಾಸಿಯಾದ ಮೇಲೆ ಎನ್‌ಆರ್‌ಇ ಖಾತೆಯನ್ನು ನಿವಾಸಿ ಖಾತೆಯಾಗಿ ಬದಲಿಸಬೇಕು, ತೆರಿಗೆ ವಿನಾಯಿತಿಯೂ ಅಲ್ಲಿಗೆ ನಿಲ್ಲುತ್ತದೆ. ಆದ್ದರಿಂದ ಠೇವಣಿಗಳ ಅವಧಿ ನೀವು ಮರಳುವ ತಿಂಗಳಿನ ಆಸುಪಾಸಿನಲ್ಲಿ ಮುಗಿಯುವಂತೆ ಇಡಿ. ಮೇಲೆ ಶಿವಮೊಗ್ಗದವರಿಗೆ ಹೇಳಿದ ಹಂಚಿಕೆಯಲ್ಲಿ ನಿಮ್ಮ ವಯಸ್ಸಿಗೆ ಒಪ್ಪುವ ಭಾಗಗಳನ್ನು ಆಗ ಕೈಗೆತ್ತಿಕೊಳ್ಳಬಹುದು.